ಮ್ಯೂಸಿಯಂನ ಪರದೆ ಎಲ್ಲರಿಗೂ ದಕ್ಕುವಂತೆ ಮಾಡುವ ಬಗೆ

ಮ್ಯೂಸಿಯಂಗಳಲ್ಲಿ ಡಿಜಿಟಲ್ ಪ್ರದರ್ಶನ ರೂಪಿಸುವ ಕೆಲಸ ಬಹಳ ಸಲ ಪರದೆಯಿಂದಲೇ ಶುರುವಾಗುತ್ತದೆ. ಪರದೆ ಎಷ್ಟು ಇಂಚಿನದು, ಯಾವ ಗೋಡೆಗೆ ಬರಬೇಕು, ಅದರಲ್ಲಿ ಯಾವ ಅನಿಮೇಷನ್ ಓಡಬೇಕು ಎಂಬುದೆಲ್ಲ ತೀರ್ಮಾನವಾಗಿ, ಹಣವೂ ಮುಕ್ಕಾಲು ಪಾಲು ಕರಗಿದ ಮೇಲೆ, ಕಣ್ಣು ಕಾಣದವರು ಬಂದರೆ ಏನು ಮಾಡುವುದೆಂಬ ಪ್ರಶ್ನೆ ಯಾರದೋ ಬಾಯಿಂದ ಹೊರಡುತ್ತದೆ. ಆಗ ಪಕ್ಕದಲ್ಲೊಂದು ಬ್ರೈಲ್ ಫಲಕ, ಅದರ ಕೆಳಗೊಂದು ಕ್ಯೂಆರ್ ಕೋಡ್ ಅಂಟಿಸಿ ಕೈತೊಳೆದುಕೊಳ್ಳುವುದು ವಾಡಿಕೆ. ಫಲಕ ಅಲ್ಲಿದೆ ಎಂದು ಕಾಣದವರಿಗೆ ತಿಳಿಸುವವರು ಯಾರು, ಫೋನನ್ನು ಯಾವ ದಿಕ್ಕಿಗೆ ಹಿಡಿದರೆ ಕೋಡ್ ಸಿಗುತ್ತದೆ ಎಂದು ಅವರಿಗೆ ಗೊತ್ತಾಗುವುದು ಹೇಗೆ ಎಂದು ಯೋಚಿಸುವ ವ್ಯವಧಾನ ಆ ಹೊತ್ತಿಗೆ ಯಾರಲ್ಲೂ ಉಳಿದಿರುವುದಿಲ್ಲ. ಈ ಲೇಖನ ಸೂಚಿಸುವ ಕ್ರಮ ಇದಕ್ಕೆ ತಿರುವುಮುರುವು: ಮೊದಲು ಸಂದರ್ಶಕರು ನಡೆಯುವ ದಾರಿ, ಆಮೇಲೆ ಅವರಿಗೆ ಹೇಳಬೇಕಾದ ವಿಷಯ, ಯಂತ್ರದ ಮಾತು ಕೊನೆಗೆ.

ಬಹುವಿಧ ಇಂಟರ್‌ಫೇಸ್ ಎಂದರೆ ಒಂದೇ ವಿಷಯವನ್ನು ನೋಟ, ಶ್ರವಣ, ಸ್ಪರ್ಶಗಳಲ್ಲಿ ಒಂದಕ್ಕಿಂತ ಹೆಚ್ಚು ದಾರಿಯಿಂದ ಪಡೆಯಲು ಮತ್ತು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ನಿಯಂತ್ರಿಸಲು ಆಗುವ ವ್ಯವಸ್ಥೆ. ಜರ್ಮನಿಯಲ್ಲಿ ತಡೆರಹಿತ ಕಟ್ಟಡಗಳಿಗೆ ಅನ್ವಯಿಸುವ ಡಿಐಎನ್ 18040 ಮಾನದಂಡದಲ್ಲಿ ‘ಎರಡು ಇಂದ್ರಿಯಗಳ ತತ್ತ್ವ’ ಎಂಬುದೊಂದಿದೆ: ಮುಖ್ಯವಾದ ಯಾವುದೇ ಮಾಹಿತಿ ಕನಿಷ್ಠ ಎರಡು ಇಂದ್ರಿಯಗಳಿಗೆ ಸಿಗುವಂತಿರಬೇಕು. ವಿನ್ಯಾಸದ ಪ್ರತಿ ಘಟ್ಟದಲ್ಲಿ ಉಪಯೋಗಕ್ಕೆ ಬರುವಷ್ಟು ಸರಳವಾದ ಅಳತೆಗೋಲು ಇದು. ಆದರೆ ಮೂರೂ ಇಂದ್ರಿಯಗಳ ಮೇಲೆ ಒಮ್ಮೆಗೇ ಎಲ್ಲವನ್ನೂ ಸುರಿಯಬೇಕೆಂದು ಇದರ ಅರ್ಥವಲ್ಲ. ಧ್ವನಿ, ಮಿನುಗುವ ಬೆಳಕು, ನಡುಗುವ ಪೀಠ ಎಲ್ಲ ಒಟ್ಟಿಗೆ ಸೇರಿದರೆ ಆಟಿಸಂ ಇರುವ ಸಂದರ್ಶಕರಿಗೆ ಆ ಕೋಣೆಯಲ್ಲಿ ನಿಲ್ಲುವುದೇ ಕಷ್ಟವಾಗಬಹುದು. ಯಾವ ದಾರಿ ಬೇಕೆಂದು ಆಯ್ದುಕೊಳ್ಳುವ ಹಕ್ಕು ಸಂದರ್ಶಕರದು.

ಮೊದಲ ಹಂತ: ದಾರಿಯನ್ನು ಬಿಡಿಸಿ ಬರೆಯುವುದು

ಇಡೀ ಮ್ಯೂಸಿಯಂ ಅನ್ನು ಒಮ್ಮೆಗೇ ಕೈಗೆತ್ತಿಕೊಳ್ಳಬೇಡಿ. ಒಂದು ಪ್ರದರ್ಶನ ವಸ್ತುವನ್ನು ಆರಿಸಿಕೊಂಡು, ಬಾಗಿಲಿನಿಂದ ಅದರವರೆಗೆ ಮತ್ತು ಅಲ್ಲಿಂದ ಮುಂದಕ್ಕೆ ಸಂದರ್ಶಕರು ಮಾಡಬೇಕಾದ ಪ್ರತಿಯೊಂದು ಕೆಲಸವನ್ನೂ ಕ್ರಿಯಾಪದದಲ್ಲಿ ಬರೆಯಿರಿ: ಸಾಧನ ಇದೆಯೆಂದು ತಿಳಿಯುವುದು, ಅದರ ಹತ್ತಿರ ಬರುವುದು, ಕೈಗೆಟುಕಿಸಿಕೊಳ್ಳುವುದು, ಭಾಷೆ ಆಯ್ದುಕೊಳ್ಳುವುದು, ಕೇಳುವುದು ಅಥವಾ ಓದುವುದು, ತಪ್ಪಾದರೆ ಹಿಂದಕ್ಕೆ ಹೋಗುವುದು, ಮುಗಿಸುವುದು. ಈಗ ಪ್ರತಿ ಕ್ರಿಯಾಪದದ ಎದುರಿಗೆ ನಾಲ್ಕೈದು ಪ್ರಶ್ನೆಗಳನ್ನು ಇಡಿ. ಕಣ್ಣು ಕಾಣದಿದ್ದರೆ ಇದು ಸಾಧ್ಯವೇ? ಕಿವಿ ಕೇಳದಿದ್ದರೆ? ಗಾಲಿಕುರ್ಚಿಯಲ್ಲಿ ಕೂತಿದ್ದರೆ? ಕೈ ನಡುಗುತ್ತಿದ್ದರೆ? ಓದುವುದು ನಿಧಾನವಾಗಿದ್ದರೆ? ಇದು ಸರಪಳಿ ಇದ್ದಂತೆ; ಆರು ಕೊಂಡಿ ಗಟ್ಟಿಯಾಗಿದ್ದು ಏಳನೆಯದು ಕಳಚಿದರೂ ಆ ಸಂದರ್ಶಕರ ಪಾಲಿಗೆ ಅಲ್ಲಿ ಏನೂ ಇಲ್ಲ. ಅನುಭವದ ಮಾತು ಹೇಳುವುದಾದರೆ, ಕಳಚುವುದು ಹೆಚ್ಚಾಗಿ ಮೊದಲ ಕೊಂಡಿಯೇ, ಅಂದರೆ ಸಾಧನ ಇದೆಯೆಂದು ತಿಳಿಯುವ ಹಂತ.

ಈ ಮೊದಲ ಕೊಂಡಿಯನ್ನು ಗಂಭೀರವಾಗಿ ತೆಗೆದುಕೊಂಡ ಸಂಸ್ಥೆಗಳಲ್ಲಿ ಕೆನಡಾದ ವಿನಿಪೆಗ್‌ನಲ್ಲಿ 2014ರಲ್ಲಿ ತೆರೆದ ಮಾನವ ಹಕ್ಕುಗಳ ಮ್ಯೂಸಿಯಂ ಒಂದು. ಅಲ್ಲಿ ಮಾಹಿತಿ ದೊರೆಯುವ ಜಾಗಗಳನ್ನು ಬಿಳಿಕೋಲಿಗೆ ತಾಗುವ ನೆಲದ ಗುರುತಿನಿಂದ ಸೂಚಿಸಿದ್ದಾರೆ. ಹತ್ತಿರವೇ ಉಬ್ಬಕ್ಷರದಲ್ಲೂ ಬ್ರೈಲ್‌ನಲ್ಲೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಮೂಲಕ ಸಂದರ್ಶಕರು ತಮ್ಮ ಫೋನಿನಲ್ಲೇ ವಿಷಯವನ್ನು ಪಡೆಯಬಹುದು. ಟಚ್‌ಸ್ಕ್ರೀನ್‌ಗಳ ಜೊತೆಗೆ ಬೆರಳಿಗೆ ಸಿಗುವ ಗುಂಡಿಗಳೂ ಹೆಡ್‌ಫೋನ್ ಸಿಕ್ಕಿಸುವ ರಂಧ್ರವೂ ಇರುವ ಕೀಪ್ಯಾಡನ್ನು ಅಳವಡಿಸಿದ್ದಾರೆ. ಎಲ್ಲ ಕಡೆಯೂ ಅದೇ ಕೀಪ್ಯಾಡ್, ಅದೇ ಜೋಡಣೆ. ಒಂದು ಸಲ ಕಲಿತದ್ದು ಕೊನೆಯ ಗ್ಯಾಲರಿಯವರೆಗೂ ಉಪಯೋಗಕ್ಕೆ ಬರುತ್ತದೆ. ನಕಲು ಮಾಡಬೇಕಾದದ್ದು ಆ ಯಂತ್ರಕ್ಕಿಂತ ಮಿಗಿಲಾಗಿ ಈ ಏಕರೂಪತೆಯನ್ನು.

ಎರಡನೆಯ ಹಂತ: ಯಂತ್ರಕ್ಕಿಂತ ಮೊದಲು ವಿಷಯ

ದಾರಿ ಸ್ಪಷ್ಟವಾದ ಮೇಲೆ ಹಾರ್ಡ್‌ವೇರ್ ಅಂಗಡಿಗೆ ಓಡುವ ಆತುರ ಸಹಜ. ಅದನ್ನು ತಡೆದುಕೊಂಡು ವಿಷಯವನ್ನು ಅದರ ಎಲ್ಲ ರೂಪಗಳಲ್ಲೂ ಬರೆದು ಮುಗಿಸಿ. ಎಷ್ಟೇ ಒಳ್ಳೆಯ ಕೀಪ್ಯಾಡ್ ಇದ್ದರೂ ಅದರ ಹಿಂದೆ ಹೇಳಲು ಏನೂ ಇಲ್ಲದಿದ್ದರೆ ಅದು ಖಾಲಿ ಗುಂಡಿಗಳ ಪೆಟ್ಟಿಗೆ. ಒಂದು ವಸ್ತುವಿಗೆ ಸಾಧಾರಣವಾಗಿ ನಾಲ್ಕು ರೂಪಗಳು ಬೇಕು: ಸರಳ ಪಠ್ಯ, ದೃಶ್ಯವರ್ಣನೆ, ಅಡಿಬರಹವಿರುವ ವಿಡಿಯೊ, ಸಂಜ್ಞಾಭಾಷೆಯ ವಿಡಿಯೊ.

ಇವುಗಳಲ್ಲಿ ಅತಿ ಹೆಚ್ಚು ಶ್ರಮ ಬೇಡುವುದು ದೃಶ್ಯವರ್ಣನೆ. ಒಂದು ಮಣ್ಣಿನ ಹೂಜಿಯನ್ನು ಊಹಿಸಿಕೊಳ್ಳಿ. ‘ಸುಂದರ ಅಲಂಕಾರವಿರುವ ಪ್ರಾಚೀನ ಹೂಜಿ’ ಎಂದು ಬರೆದರೆ ಕಾಣದವರಿಗೆ ದಕ್ಕಿದ್ದು ಬರೆದವರ ಮೆಚ್ಚುಗೆ ಮಾತ್ರ. ಅದನ್ನೇ ಹೀಗೆ ಬರೆಯಬಹುದು: ‘ಮೊಣಕಾಲೆತ್ತರದ ಮಣ್ಣಿನ ಹೂಜಿ. ಹೊಟ್ಟೆ ದುಂಡು, ಕತ್ತು ಕಿರಿದು, ಎಡಬದಿಗೆ ಒಂದೇ ಹಿಡಿ. ಕೆಂಪು ಮೈಯ ಸುತ್ತ ಕಪ್ಪು ಬಣ್ಣದ ಮೂರು ಮೀನುಗಳು, ಒಂದರ ಬಾಲ ಮತ್ತೊಂದರ ಬಾಯಿಗೆ ತಾಗುವಂತೆ ಸಾಲಾಗಿ ಸುತ್ತುತ್ತವೆ. ಹಿಡಿಯ ಬುಡದಿಂದ ಕೆಳಕ್ಕೆ ಒಂದು ಬಿರುಕು ಇಳಿದಿದೆ. ಅದನ್ನು ತಿಳಿಬಣ್ಣದ ಮಣ್ಣಿನಿಂದ ಮೆತ್ತಿ ಸರಿಪಡಿಸಲಾಗಿದೆ.’ ಇಲ್ಲಿ ಕ್ರಮ ಇಡಿಯಿಂದ ಬಿಡಿಯ ಕಡೆಗೆ ಸಾಗುತ್ತದೆ, ಅಳತೆ ಮೈಯ ಪರಿಚಿತ ಭಾಗಕ್ಕೆ ಹೋಲಿಕೆಯಾಗಿದೆ, ದಿಕ್ಕು ಸ್ಪಷ್ಟವಾಗಿದೆ, ಮತ್ತು ಹೂಜಿ ಸುಂದರವೇ ಎಂಬ ತೀರ್ಪನ್ನು ಕೇಳುವವರಿಗೇ ಬಿಟ್ಟಿದ್ದೇವೆ. ಬಣ್ಣದ ಹೆಸರುಗಳನ್ನು ಕೈಬಿಡಬೇಡಿ. ಅನೇಕರು ಹುಟ್ಟುಗುರುಡರಲ್ಲ, ಬಣ್ಣದ ನೆನಪಿರುವವರು, ಮತ್ತು ಎಂದೂ ಬಣ್ಣ ಕಾಣದವರಿಗೂ ಕೆಂಪು, ಕಪ್ಪು ಎಂಬ ಮಾತುಗಳ ಸಾಂಸ್ಕೃತಿಕ ಅರ್ಥ ಚೆನ್ನಾಗಿಯೇ ಗೊತ್ತಿರುತ್ತದೆ. ನ್ಯೂಯಾರ್ಕಿನ ಕೂಪರ್ ಹ್ಯೂಯಿಟ್ ವಿನ್ಯಾಸ ಮ್ಯೂಸಿಯಂ ಚಿತ್ರವರ್ಣನೆಗೆಂದೇ ಮಾರ್ಗಸೂಚಿ ರೂಪಿಸಿಕೊಂಡಿದ್ದು, ಒಂದು ವಾಕ್ಯದ ಕಿರುವರ್ಣನೆಯನ್ನೂ ವಿಸ್ತಾರವಾದ ವರ್ಣನೆಯನ್ನೂ ಬೇರೆಬೇರೆಯಾಗಿ ಬರೆಯುವ ಪದ್ಧತಿ ಇಟ್ಟುಕೊಂಡಿದೆ. ಇದು ಅನುಕರಣೀಯ: ಕಿರುವರ್ಣನೆ ಕೇಳಿ ಸಾಕೆನಿಸಿದವರು ಮುಂದಿನ ವಸ್ತುವಿಗೆ ಹೋಗಲಿ, ಇನ್ನೂ ಬೇಕೆನಿಸಿದವರು ಗುಂಡಿ ಒತ್ತಲಿ.

ಸಂಜ್ಞಾಭಾಷೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇನ್ನೂ ಬಲವಾಗಿದೆ. ಅಡಿಬರಹ ಇದ್ದ ಮೇಲೆ ಸಂಜ್ಞೆ ಏಕೆ ಎಂದು ಕೇಳುವವರು, ಸಂಜ್ಞಾಭಾಷೆಗೆ ತನ್ನದೇ ವ್ಯಾಕರಣವಿದೆ ಎಂಬುದನ್ನು ಮರೆಯುತ್ತಾರೆ. ಜಗತ್ತಿನಲ್ಲಿ 300ಕ್ಕೂ ಹೆಚ್ಚು ಸಂಜ್ಞಾಭಾಷೆಗಳಿವೆ. ಅನೇಕ ಕಿವುಡರಿಗೆ ಅದೇ ಮೊದಲ ಭಾಷೆ, ಲಿಖಿತ ಭಾಷೆ ಎರಡನೆಯದು. ಆದ್ದರಿಂದ ಎರಡೂ ಬೇಕು. ಸಂಜ್ಞೆ ಮಾಡುವವರು ಆ ಭಾಷೆಯನ್ನು ಬಾಳಿದ ಕಿವುಡರೇ ಆಗಿದ್ದರೆ ಉತ್ತಮ. ಅವರನ್ನು ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಮಾಡಬೇಡಿ; ಮುಖಭಾವವೂ ಬೆರಳ ಚಲನೆಯೂ ವ್ಯಾಕರಣದ ಭಾಗವಾದ್ದರಿಂದ ಅವೆರಡೂ ಸ್ಪಷ್ಟವಾಗಿ ಕಾಣಬೇಕು, ಹಿನ್ನೆಲೆ ಒಂದೇ ಬಣ್ಣದ್ದಾಗಿರಬೇಕು. ಕಂಪ್ಯೂಟರ್ ಸೃಷ್ಟಿಸಿದ ಗೊಂಬೆಯಿಂದ ಸಂಜ್ಞೆ ಮಾಡಿಸುವ ಅಗ್ಗದ ದಾರಿ ಈಗ ಕಾಣಿಸಿಕೊಂಡಿದೆ. ಕಥೆ, ಭಾವ, ಇತಿಹಾಸ ಹೇಳಬೇಕಾದ ಜಾಗದಲ್ಲಿ ಅದನ್ನು ಬಳಸಬಾರದೆಂಬುದು ನನ್ನ ನಿಲುವು.

ಅಡಿಬರಹದಲ್ಲಿ ಮಾತಿನ ಜೊತೆಗೆ ಅರ್ಥವಿರುವ ಸದ್ದುಗಳೂ ಇರಲಿ: ‘ದೂರದಲ್ಲಿ ಗುಡುಗು’, ‘ಮಗ್ಗದ ಸದ್ದು’. ಸಾರ್ವಜನಿಕ ಪರದೆಯಲ್ಲಿ ಅಡಿಬರಹ ಸದಾ ಕಾಣುತ್ತಿರುವುದೇ ಮೇಲು. ಅದನ್ನು ಆನ್ ಮಾಡುವ ಗುಂಡಿಯನ್ನು ಹುಡುಕುವ ಹೊತ್ತಿಗೆ ವಿಡಿಯೊ ಅರ್ಧ ಓಡಿರುತ್ತದೆ. ಸರಳ ಪಠ್ಯಕ್ಕೆ ಬೇರೆ ಉಪದೇಶ ಬೇಕಿಲ್ಲ: ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದು ವಿಚಾರ, ಪಾರಿಭಾಷಿಕ ಪದ ಬಂದಲ್ಲಿ ಅಲ್ಲೇ ವಿವರಣೆ.

ಮೂರನೆಯ ಹಂತ: ಎತ್ತರ, ಎಟುಕು, ಜಾಗ

ಈ ವಿಷಯದಲ್ಲಿ ಊಹೆಗೆ ಅವಕಾಶ ಕಡಿಮೆ, ಏಕೆಂದರೆ ಅಳತೆಗಳು ಈಗಾಗಲೇ ಪ್ರಕಟವಾಗಿವೆ. ಅಂಗವಿಕಲರ ಹಕ್ಕುಗಳಿಗೆ ಸಂಬಂಧಿಸಿದ ಅಮೆರಿಕದ ಎಡಿಎ ಕಾಯ್ದೆಯ 2010ರ ಮಾನದಂಡಗಳ ಪ್ರಕಾರ ಅಡ್ಡಿಯಿಲ್ಲದ ಕಡೆ ಕೈಯಿಂದ ನಡೆಸುವ ಭಾಗಗಳು ನೆಲದಿಂದ 380 ಮಿಲಿಮೀಟರಿಗಿಂತ ಕೆಳಗೂ 1,220 ಮಿಲಿಮೀಟರಿಗಿಂತ ಮೇಲೂ ಇರಬಾರದು. ಸಾಧನದ ಮುಂದೆ ಗಾಲಿಕುರ್ಚಿಗೆ 760 × 1,220 ಮಿಲಿಮೀಟರ್ ಸಮತಟ್ಟಾದ ತೆರವು ಜಾಗ ಬೇಕು. ಮುಂದಿನಿಂದ ಬಂದು ಬಳಸುವ ಮೇಜಿನಡಿ ಮೊಣಕಾಲು ಹೋಗುವಷ್ಟು, ಅಂದರೆ 685 ಮಿಲಿಮೀಟರ್ ಎತ್ತರದ ಪೊಳ್ಳು ಇರಬೇಕು. ಗುಂಡಿ ಅಥವಾ ಹಿಡಿಯನ್ನು ಒಂದೇ ಕೈಯಲ್ಲಿ, ಬಿಗಿಯಾಗಿ ಹಿಡಿಯದೆ, ಚಿವುಟದೆ, ಮಣಿಕಟ್ಟು ತಿರುಚದೆ ಬಳಸಲು ಆಗಬೇಕು; ಬೇಕಾದ ಬಲ 22.2 ನ್ಯೂಟನ್ ಮೀರಬಾರದು. ನಿಮ್ಮಲ್ಲಿ ಬೇರೆ ಕಾನೂನು ಜಾರಿಯಲ್ಲಿದ್ದರೆ ಅದೇ ಮೊದಲು. ಇಲ್ಲದಿದ್ದರೆ ಈ ಅಂಕಿಗಳಿಂದ ಆರಂಭಿಸುವುದರಲ್ಲಿ ತಪ್ಪಿಲ್ಲ.

ಗೋಡೆಗೆ ತೂಗುಹಾಕಿದ ಪರದೆಯ ಅಪಾಯವೊಂದನ್ನು ವಿನ್ಯಾಸಕಾರರು ಮರೆಯುವುದುಂಟು. ಬಿಳಿಕೋಲು ಹುಡುಕುವುದು ನೆಲದ ಹತ್ತಿರ. 685 ಮಿಲಿಮೀಟರಿಗಿಂತ ಮೇಲೆ, 2,030 ಮಿಲಿಮೀಟರಿಗಿಂತ ಕೆಳಗೆ, ಗೋಡೆಯಿಂದ 100 ಮಿಲಿಮೀಟರಿಗಿಂತ ಹೆಚ್ಚು ಮುಂಚಾಚಿದ್ದು ಕೋಲಿಗೆ ಸಿಗದೆ ಎದೆಗೋ ಹಣೆಗೋ ಬಡಿಯುತ್ತದೆ. ಅಂಥ ಪರದೆಯನ್ನು ಗೋಡೆಯೊಳಕ್ಕೆ ಹುದುಗಿಸಿ ಅಥವಾ ಕೆಳಗೆ ನೆಲದವರೆಗೆ ಪೀಠ ಕಟ್ಟಿ. ಇನ್ನು ಪ್ರತಿಫಲನ: ಪರದೆಯನ್ನು ಅಳವಡಿಸುವ ಮೊದಲು ಗ್ಯಾಲರಿಯ ದೀಪಗಳನ್ನೆಲ್ಲ ಉರಿಸಿ, ನಿಂತೂ ನೋಡಿ, ಕುರ್ಚಿಯಲ್ಲಿ ಕೂತೂ ನೋಡಿ, ನಿಂತವರಿಗೆ ನಿಚ್ಚಳವಾಗಿ ಕಾಣುವ ಪರದೆ ಕೂತವರಿಗೆ ಬರೀ ಕನ್ನಡಿಯಾಗಿರಬಹುದು.

ನಾಲ್ಕನೆಯ ಹಂತ: ಪರದೆ ಮತ್ತು ನಿಯಂತ್ರಣ

ವೆಬ್ ಮಾನದಂಡಗಳ ಅಂತರರಾಷ್ಟ್ರೀಯ ಒಕ್ಕೂಟ 2023ರ ಅಕ್ಟೋಬರಿನಲ್ಲಿ ಹೊರತಂದ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿ ಜಾಲತಾಣಗಳಿಗಾಗಿ ಬರೆದದ್ದಾದರೂ ಅದರ ಬಹುಪಾಲು ನಿಯಮಗಳು ಕಿಯಾಸ್ಕ್‌ಗೂ, ಅಂದರೆ ಸಂದರ್ಶಕರು ತಾವೇ ಬಳಸುವ ಪರದೆ ಯಂತ್ರಕ್ಕೂ, ಹೊಂದುತ್ತವೆ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ 4.5:1, ದೊಡ್ಡ ಅಕ್ಷರಕ್ಕೂ ಗುಂಡಿಗಳ ಅಂಚಿಗೂ 3:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ಅಂತರ, ಇರಬೇಕು. ಬಣ್ಣವೊಂದರಿಂದಲೇ ಅರ್ಥ ಸೂಚಿಸಬಾರದು. ಯುರೋಪಿಯನ್ ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡರಲ್ಲಿ ಒಬ್ಬರಿಗೆ ಬಣ್ಣ ಗುರುತಿಸುವಲ್ಲಿ ಏನಾದರೊಂದು ತೊಡಕಿದೆ. ಯಾವುದೂ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಮಿಂಚಬಾರದು, ಏಕೆಂದರೆ ಅದು ಕೆಲವರಲ್ಲಿ ಅಪಸ್ಮಾರದ ಸೆಳವನ್ನು ಕೆರಳಿಸಬಲ್ಲದು. ತಾನಾಗಿಯೇ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ, ಉಳಿದ ವಿಷಯದ ಜೊತೆಗೇ ಚಲಿಸುತ್ತಿರುವುದನ್ನು ನಿಲ್ಲಿಸಲು ದಾರಿ ಬೇಕು. ಒತ್ತಕ್ಷರಗಳಿರುವ ಲಿಪಿಗಳಲ್ಲಿ ಸಾಲುಗಳ ನಡುವಿನ ಅಂತರವನ್ನು ರೋಮನ್ ಲಿಪಿಯ ಲೆಕ್ಕಕ್ಕೆ ಬಿಟ್ಟರೆ ಒಂದು ಸಾಲಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತದೆ. ಅಲ್ಲಿ ಅಂತರ ಧಾರಾಳವಾಗಿರಲಿ.

ಗುಂಡಿಯ ಗಾತ್ರಕ್ಕೆ ಆ ಮಾರ್ಗಸೂಚಿ ಹೇಳುವ ಕನಿಷ್ಠ ಅಳತೆ 24 × 24 ಪಿಕ್ಸೆಲ್, ಇನ್ನೂ ಕಟ್ಟುನಿಟ್ಟಾದ ಹಂತದಲ್ಲಿ 44 × 44. ಆದರೆ ದೊಡ್ಡ ಪರದೆಯ ಮೇಲೆ ಪಿಕ್ಸೆಲ್ ಲೆಕ್ಕ ದಾರಿ ತಪ್ಪಿಸುತ್ತದೆ; ಅಳತೆಪಟ್ಟಿ ಹಿಡಿದು ನೋಡಿ, ಮುಖ್ಯ ಗುಂಡಿಗಳು ಸುಮಾರು 20 ಮಿಲಿಮೀಟರ್ ಚೌಕಕ್ಕಿಂತ ಚಿಕ್ಕದಾಗದಂತೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಎರಡು ಬೆರಳಲ್ಲಿ ಹಿಗ್ಗಿಸುವುದು, ಎಳೆದು ಬಿಡುವುದು, ಗಾಳಿಯಲ್ಲಿ ಕೈಬೀಸುವುದು ನೋಡಲು ಸೊಗಸು. ಆದರೆ ಅಂಥ ಪ್ರತಿಯೊಂದಕ್ಕೂ ಒಂದೇ ಒತ್ತಿನಲ್ಲಿ ಅದೇ ಕೆಲಸ ಮಾಡುವ ಪರ್ಯಾಯ ಇರಲೇಬೇಕು.

ಕಣ್ಣು ಕಾಣದವರಿಗೆ ಟಚ್‌ಸ್ಕ್ರೀನ್ ನುಣುಪಾದ ಗಾಜಷ್ಟೇ. ಅದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು ಮೇಲೆ ಹೇಳಿದ ಕೀಪ್ಯಾಡ್: ಮೇಲೆ, ಕೆಳಗೆ, ಆಯ್ಕೆ, ಹಿಂದಕ್ಕೆ, ಧ್ವನಿಯ ಏರಿಳಿತ, ಇಷ್ಟು ಗುಂಡಿಗಳು ಸಾಕು, ಪ್ರತಿಯೊಂದರ ಆಕಾರ ಬೇರೆಯಾಗಿದ್ದು, ಹೆಡ್‌ಫೋನ್ ಸಿಕ್ಕಿಸಿದೊಡನೆ ಧ್ವನಿಮಾರ್ಗದರ್ಶನ ತಾನಾಗಿ ಶುರುವಾಗಬೇಕು. ಎರಡನೆಯದು ಗಾಜಿನ ಮೇಲೆ ಬೆರಳಾಡಿಸಿದಂತೆ ಅಡಿಯಲ್ಲಿರುವುದನ್ನು ಓದಿ ಹೇಳಿ, ಎರಡು ಸಲ ತಟ್ಟಿದರೆ ಆಯ್ದುಕೊಳ್ಳುವ ಪದ್ಧತಿ. 2009ರಲ್ಲಿ ಐಫೋನಿಗೆ ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್ ಸೌಲಭ್ಯ ಬಂದ ಮೇಲೆ ಇದು ಲಕ್ಷಾಂತರ ಜನರಿಗೆ ರೂಢಿಯಾಗಿದೆ. ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಕೀಪ್ಯಾಡನ್ನೇ ಆರಿಸಿ; ಸ್ಮಾರ್ಟ್‌ಫೋನ್ ಬಳಸದ ಹಿರಿಯರಿಗೂ ಕೈ ನಡುಗುವವರಿಗೂ ಅದು ಒದಗುತ್ತದೆ. ಪರದೆಯ ಮೇಲಿನ ಪ್ರತಿ ಅಂಶಕ್ಕೂ ಹೆಸರು, ಬಗೆ, ಸದ್ಯದ ಸ್ಥಿತಿ ಮೂರನ್ನೂ ತಂತ್ರಾಂಶದಲ್ಲಿ ದಾಖಲಿಸಿ, ಪಠ್ಯ ಯಾವ ಭಾಷೆಯದೆಂಬ ಗುರುತನ್ನೂ ಸೇರಿಸಿ. ಆ ಗುರುತಿಲ್ಲದಿದ್ದರೆ ಓದುವ ಧ್ವನಿ ಒಂದು ಭಾಷೆಯ ಪಠ್ಯವನ್ನು ಇನ್ನೊಂದರ ಉಚ್ಚಾರಣೆಯಲ್ಲಿ ಓದಿ ನಗೆಪಾಟಲಾಗುತ್ತದೆ.

ಯಾರೂ ಮುಟ್ಟದಿದ್ದರೆ ಪರದೆ ಮೊದಲ ಪುಟಕ್ಕೆ ಮರಳುವ ಏರ್ಪಾಡು ಕಿಯಾಸ್ಕ್‌ಗೆ ಬೇಕಾದದ್ದೇ. ಆದರೆ ಧ್ವನಿಯಲ್ಲಿ ಕೇಳುತ್ತಿರುವವರು ಪರದೆಯನ್ನು ಮುಟ್ಟುತ್ತಿರುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಮರಳುವ ಮೊದಲು ಎಚ್ಚರಿಕೆಯನ್ನು ಬರಹದಲ್ಲೂ ಧ್ವನಿಯಲ್ಲೂ ಕೊಟ್ಟು, ಯಾವುದಾದರೂ ಒಂದು ಗುಂಡಿ ಒತ್ತಿ ಕಾಲ ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡು ಬಿಡಿ.

ಐದನೆಯ ಹಂತ: ಧ್ವನಿ

ಮೂರು ಸೆಕೆಂಡಿಗಿಂತ ಹೆಚ್ಚು ಕಾಲ ತಾನಾಗಿ ಮೊಳಗುವ ಧ್ವನಿಗೆ ನಿಲ್ಲಿಸುವ ಗುಂಡಿ ಬೇಕು. ಪಕ್ಕದ ಪ್ರದರ್ಶನದ ಸದ್ದು ಇಲ್ಲಿಗೆ ನುಗ್ಗದಂತೆ ನೋಡಿಕೊಳ್ಳಿ; ಶ್ರವಣಸಾಧನ ಧರಿಸಿದವರಿಗೆ ಎರಡು ಸದ್ದುಗಳನ್ನು ಬೇರ್ಪಡಿಸಿಕೊಳ್ಳುವುದು ಇತರರಿಗಿಂತ ಬಹಳ ಕಷ್ಟ. ಕಿವಿಯ ಹಿಂದೆ ಸಾಧನ ಇಟ್ಟುಕೊಂಡವರಿಗೆ ಸಾಮಾನ್ಯ ಹೆಡ್‌ಫೋನ್ ಹೊಂದುವುದಿಲ್ಲ. ಅವರಿಗೆ ಇಂಡಕ್ಷನ್ ಲೂಪ್ ಬೇಕು: ಧ್ವನಿಯ ಸಂಕೇತ ತಂತಿಯ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರವಾಗುತ್ತದೆ, ಶ್ರವಣಸಾಧನದೊಳಗಿನ ಪುಟ್ಟ ಸುರುಳಿ ಅದನ್ನು ಹಿಡಿದು ಕೋಣೆಯ ಗದ್ದಲವಿಲ್ಲದೆ ಕಿವಿಗೆ ಮುಟ್ಟಿಸುತ್ತದೆ. ಇಡೀ ಕೋಣೆಗೆ ಅಳವಡಿಸಲಾಗದಿದ್ದರೆ ಕೊರಳಿಗೆ ಹಾಕಿಕೊಳ್ಳುವ ಲೂಪ್‌ಗಳನ್ನು ಟಿಕೆಟ್ ಕೌಂಟರಿನಲ್ಲಿ ಇಡಬಹುದು. ಅವು ಹೆಡ್‌ಫೋನ್ ರಂಧ್ರಕ್ಕೇ ಸಿಕ್ಕಿಕೊಳ್ಳುತ್ತವೆ.

ಆರನೆಯ ಹಂತ: ಸ್ಪರ್ಶ

ಮಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ 2015ರಲ್ಲಿ ತನ್ನ ಸಂಗ್ರಹದ ಆರು ವರ್ಣಚಿತ್ರಗಳನ್ನು ಬೆರಳಲ್ಲಿ ಓದಬಹುದಾದ ಉಬ್ಬುಚಿತ್ರಗಳಾಗಿ ಪ್ರದರ್ಶಿಸಿತು. ಅಲ್ಲಿ ಗಮನಿಸಬೇಕಾದದ್ದು, ಉಬ್ಬುಚಿತ್ರದ ಜೊತೆಗೆ ಧ್ವನಿಮಾರ್ಗದರ್ಶನವೂ ಇತ್ತು. ಧ್ವನಿಯಿಲ್ಲದ ಉಬ್ಬುಚಿತ್ರ ಒಂದು ಒಗಟು. ಬೆರಳು ಒಮ್ಮೆಗೆ ಒಂದು ಚೂರನ್ನಷ್ಟೇ ಅರಿಯುವುದರಿಂದ ‘ಮೇಲಿನ ಎಡಮೂಲೆಯಿಂದ ಆರಂಭಿಸಿ, ಬಲಕ್ಕೆ ಒಂದು ಗೇಣು ಸರಿದರೆ ಭುಜ ಸಿಗುತ್ತದೆ’ ಎಂದು ಜೊತೆಯಲ್ಲಿ ನಡೆಸಿಕೊಂಡು ಹೋಗುವ ಮಾತು ಬೇಕು. ಚಿತ್ರದ ಎಲ್ಲ ವಿವರಗಳನ್ನೂ ಉಬ್ಬಿಸಲು ಹೋಗಬೇಡಿ. ಬೆರಳಿಗೆ ಅದು ಬರೀ ಒರಟು ಮೇಲ್ಮೈಯಾಗಿ ತೋರುತ್ತದೆ. ಮುಖ್ಯ ರೇಖೆಗಳನ್ನು ಉಳಿಸಿ, ಹಿನ್ನೆಲೆಯನ್ನು ಸಪಾಟು ಮಾಡಿ. ನಮ್ಮ ಹೂಜಿಯ ವಿಷಯಕ್ಕೆ ಬಂದರೆ, ಇಡೀ ಆಕಾರ ಎರಡು ಕೈಗಳಲ್ಲಿ ಹಿಡಿಯುವಷ್ಟು ಚಿಕ್ಕದಾದ ಮೂರು ಆಯಾಮದ ಪ್ರತಿರೂಪ ಒಂದು, ಮೀನುಗಳ ಸಾಲನ್ನು ಹಿಗ್ಗಿಸಿದ ಉಬ್ಬುಫಲಕ ಇನ್ನೊಂದು, ಮೂಲದಂತೆಯೇ ಸುಟ್ಟ ಮಣ್ಣಿನ ತುಣುಕು ಮತ್ತೊಂದು ಇದ್ದರೆ ರೂಪ, ಚಿತ್ರ, ಮೈಯ ಒರಟು ಮೂರೂ ಬೇರೆಬೇರೆಯಾಗಿ ಕೈಗೆ ಸಿಗುತ್ತವೆ. ಪ್ಲಾಸ್ಟಿಕ್ ಪ್ರತಿರೂಪ ಮಾತ್ರ ಇಟ್ಟರೆ ಹೂಜಿ ನುಣುಪಾಗಿತ್ತೆಂಬ ತಪ್ಪು ನೆನಪು ಉಳಿಯುತ್ತದೆ.

ಏಳನೆಯ ಹಂತ: ಸಂದರ್ಶಕರ ಕೈಯಲ್ಲಿರುವ ಫೋನ್

ಸಂದರ್ಶಕರ ಫೋನಿನಲ್ಲಿ ಅಕ್ಷರದ ಗಾತ್ರ, ಓದುವ ಧ್ವನಿಯ ವೇಗ, ಬ್ರೈಲ್ ಸಾಧನದ ಜೋಡಣೆ ಎಲ್ಲ ಅವರಿಗೆ ಬೇಕಾದಂತೆ ಈಗಾಗಲೇ ಹೊಂದಿಸಿರುತ್ತದೆ. ಪಿಟ್ಸ್‌ಬರ್ಗ್‌ನ ಆಂಡಿ ವಾರ್ಹೋಲ್ ಮ್ಯೂಸಿಯಂ 2016ರಲ್ಲಿ ತಂದ ‘ಔಟ್ ಲೌಡ್’ ಆಪ್ ಈ ದಾರಿಯ ಒಳ್ಳೆಯ ಮಾದರಿ. ಸಂದರ್ಶಕರು ಎಲ್ಲಿದ್ದಾರೆಂದು ಬ್ಲೂಟೂತ್ ಸಂಕೇತಗಳಿಂದ ತಿಳಿದು ಹತ್ತಿರದ ಕಲಾಕೃತಿಯ ಕಥೆಗಳನ್ನು ಅದು ಮುಂದಿಡುತ್ತಿತ್ತು. ಆಪ್ ಮಾಡುವಷ್ಟು ಅನುಕೂಲವಿಲ್ಲದವರಿಗೆ ಡೌನ್‌ಲೋಡ್ ಬೇಡದ ಸರಳ ವೆಬ್ ಪುಟವೇ ಸಾಕು, ಎಷ್ಟೋ ಸಲ ಅದೇ ಮೇಲು. ಪುಟದ ವಿಳಾಸವನ್ನು ಭೇಟಿಗೆ ಮುಂಚೆಯೇ ಸಿಗುವಂತೆ ಪ್ರಕಟಿಸಿ. ಆದರೆ ಫೋನ್ ಇಲ್ಲದೆ ಬರುವವರೂ ಇದ್ದಾರೆ. ಅವರಿಗಾಗಿ ಕೆಲವು ಸಾಧನಗಳನ್ನು ಎರವಲು ಕೊಡುವ ವ್ಯವಸ್ಥೆ ಇರಲಿ.

ಎಂಟನೆಯ ಹಂತ: ಪರೀಕ್ಷೆ

ಸ್ವಯಂಚಾಲಿತ ತಪಾಸಣಾ ತಂತ್ರಾಂಶ ಕಾಂಟ್ರಾಸ್ಟ್, ಬಿಟ್ಟುಹೋದ ಹೆಸರುಗಳಂಥ ಕೆಲವು ದೋಷಗಳನ್ನು ಹಿಡಿಯುತ್ತದೆ, ಅದರಾಚೆಗೆ ಅದಕ್ಕೆ ಗತಿಯಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ವಿನ್ಯಾಸಕಾರರೇ ಪರೀಕ್ಷಿಸುವುದರಿಂದ ತಿಳಿಯುವುದು ದಿಢೀರನೆ ಕತ್ತಲಾದವರ ಗಾಬರಿ. ವರ್ಷಗಟ್ಟಲೆ ಕಾಣದೆ ಬದುಕಿದವರ ಜಾಣ್ಮೆಯಾಗಲಿ ನಿರೀಕ್ಷೆಯಾಗಲಿ ಅದರಲ್ಲಿ ಇರುವುದಿಲ್ಲ. ಬೇರೆಬೇರೆ ಅಂಗವೈಕಲ್ಯವಿರುವ ಐದಾರು ಜನರನ್ನು ಸಂಭಾವನೆ ಕೊಟ್ಟು ಕರೆಯಿರಿ, ರಟ್ಟು ಮತ್ತು ಕಾಗದದ ಮಾದರಿ ಇರುವಾಗಲೇ ಒಮ್ಮೆ, ಯಂತ್ರ ಕೆಲಸ ಮಾಡುವ ಸ್ಥಿತಿಗೆ ಬಂದಾಗ ಇನ್ನೊಮ್ಮೆ. ‘ಇದು ಚೆನ್ನಾಗಿದೆಯೇ’ ಎಂದು ಕೇಳಿದರೆ ಸೌಜನ್ಯಕ್ಕೆ ಹೌದೆನ್ನುತ್ತಾರೆ. ಅದರ ಬದಲು ‘ಹೂಜಿಯ ಬಿರುಕನ್ನು ಹೇಗೆ ಸರಿಪಡಿಸಿದ್ದಾರೆ ಎಂದು ಕಂಡುಹಿಡಿಯಿರಿ’ ಎಂದು ಕೆಲಸ ಕೊಟ್ಟು, ಬಾಗಿಲ ಬಳಿ ಬಿಟ್ಟು, ಸುಮ್ಮನೆ ನೋಡಿ. ಅವರು ತಡವರಿಸಿದ ಜಾಗದಲ್ಲಿ ನೆರವಿಗೆ ಧಾವಿಸದೆ ಬರೆದುಕೊಳ್ಳಿ. ಈ ಪರೀಕ್ಷೆಯನ್ನು ಜನ ತುಂಬಿದ ದಿನವೇ ನಡೆಸಬೇಕು. ಖಾಲಿ ಕೋಣೆಯಲ್ಲಿ ಸ್ಪಷ್ಟವಾಗಿದ್ದ ಧ್ವನಿ ಶಾಲಾಮಕ್ಕಳ ತಂಡ ಬಂದಾಗ ಏನಾಗುತ್ತದೆ ಎಂಬುದು ಆಗಲೇ ತಿಳಿಯುವುದು.

ಉದ್ಘಾಟನೆಯ ಮರುದಿನದಿಂದ

ಹೆಡ್‌ಫೋನ್ ರಂಧ್ರದಲ್ಲಿ ಯಾರೋ ಕಡ್ಡಿ ತುರುಕುತ್ತಾರೆ, ಕೀಪ್ಯಾಡಿನ ಒಂದು ಗುಂಡಿ ಸಿಕ್ಕಿಕೊಳ್ಳುತ್ತದೆ, ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಧ್ವನಿಮಾರ್ಗದರ್ಶನ ಸದ್ದಿಲ್ಲದೆ ನಿಂತುಹೋಗುತ್ತದೆ. ಪರದೆ ಆರಿದರೆ ಹತ್ತು ಜನ ದೂರುತ್ತಾರೆ. ಕೀಪ್ಯಾಡ್ ಕೆಟ್ಟರೆ ದೂರುವವರಿಗೆ ಅಲ್ಲೊಂದು ಕೀಪ್ಯಾಡ್ ಇತ್ತೆಂಬುದೇ ತಿಳಿದಿರುವುದಿಲ್ಲ. ಆದ್ದರಿಂದ ಇದರ ಹೊಣೆಯನ್ನು ಹೆಸರು ಹಿಡಿದು ಒಬ್ಬ ಸಿಬ್ಬಂದಿಗೆ ಒಪ್ಪಿಸಿ. ಅವರು ಪ್ರತಿದಿನ ಬಾಗಿಲು ತೆರೆಯುವ ಮೊದಲು ತಮ್ಮ ಹೆಡ್‌ಫೋನ್ ತೆಗೆದುಕೊಂಡು ಹೋಗಿ, ಪರದೆಯನ್ನು ನೋಡದೆ, ಕೀಪ್ಯಾಡಿನಿಂದಲೇ ಹೂಜಿಯ ವರ್ಣನೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ ಬರಲಿ. ಅದಕ್ಕೆ ಎರಡು ನಿಮಿಷ ಹಿಡಿಯುತ್ತದೆ.